ಜಿದ್ದು ಯಾರ ಆಸ್ತಿ? ಕಾಟನ್ಸ್–ಜೋಸೆಫ್ಸ್‌ನಿಂದ ಸಾಗರ–ಹೊಸನಗರದ ವಸತಿ ಶಾಲೆಗಳವರೆಗೆ

ನಾನು ಪತ್ರಿಕೋದ್ಯಮಕ್ಕೆ ಬಂದ ಹೊಸತರಲ್ಲಿ ನಮ್ಮ ಆಫೀಸಿನಲ್ಲಿ ಇಬ್ಬರು ಸೀನಿಯರ್‌ಗಳಿದ್ದರು. ಒಬ್ಬರು ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನಲ್ಲಿ ಓದಿದವರು, ಇನ್ನೊಬ್ಬರು ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನವರು. ಇಬ್ಬರಿಗೂ ಆಗಲೇ ಐವತ್ತು ಹತ್ತಿರ. ಚುನಾವಣೆ ಬಗ್ಗೆ ತಣ್ಣಗೆ ಮಾತಾಡುತ್ತಿದ್ದ ಇವರು ಶಾಲೆ ವಿಷಯ ಬಂದರೆ ಹದಿನಾಲ್ಕು ವರ್ಷದ ಹುಡುಗರಾಗಿಬಿಡುತ್ತಿದ್ದರು. ಯಾವ ವರ್ಷ ಯಾರು ಯಾರನ್ನ ಎಷ್ಟಕ್ಕೆ ಆಲೌಟ್ ಮಾಡಿದರು, ಯಾವ ಹಾಕಿ ಮ್ಯಾಚಿನಲ್ಲಿ ಅಂಪೈರ್ ಕಣ್ಣು ಮುಚ್ಚಿಕೊಂಡಿದ್ದ, ಎಲ್ಲ ಬಾಯಿಪಾಠ.

ಒಂದು ದಿನ ಅವರಲ್ಲೊಬ್ಬರು ನನ್ನ ಕಡೆ ತಿರುಗಿ, 'ನೀನೂ ಬೋರ್ಡಿಂಗ್ ಸ್ಕೂಲಲ್ವಾ? ನಿಮ್ಮ ರೈವಲ್ ಯಾರು?' ಅಂದರು.

ನಾನು ಓದಿದ್ದು ಹೊಸನಗರ ತಾಲ್ಲೂಕಿನ ಒಂದು ಸರಕಾರಿ ವಸತಿ ಶಾಲೆಯಲ್ಲಿ, ಆರರಿಂದ ಹತ್ತನೇ ಕ್ಲಾಸಿನವರೆಗೆ. ಅದನ್ನ ಬೋರ್ಡಿಂಗ್ ಸ್ಕೂಲು ಅಂತ ನಾವ್ಯಾರೂ ಕರೆದಿದ್ದಿಲ್ಲ. ಊರವರ ಬಾಯಲ್ಲಿ ಅದು 'ಹಾಸ್ಟೆಲ್ ಶಾಲೆ'. ರೈವಲ್ ಇದ್ದರು. ಸಾಗರ ತಾಲ್ಲೂಕಿನ ಇನ್ನೊಂದು ವಸತಿ ಶಾಲೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ. ಅವರ ಮೇಲೆ ನಾವು ಕಬಡ್ಡಿ ಆಡಿದ್ದು ಒಂದೇ ಒಂದು ಸಲ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಶಿವಮೊಗ್ಗದಲ್ಲಿ, ಜಿಲ್ಲಾ ಮಟ್ಟದ ಸೆಮಿಫೈನಲ್ಲಿನಲ್ಲಿ. ಒಂದು ಪಾಯಿಂಟಿನಲ್ಲಿ ಸೋತೆವು. ಮುಂದಿನ ವರ್ಷ ತೋರಿಸ್ತೀವಿ ಅಂದುಕೊಂಡು ಬಂದೆವು. ಮುಂದಿನ ವರ್ಷ ನಾವು ತಾಲ್ಲೂಕಿನಲ್ಲೇ ಸೋತೆವು, ಅಲ್ಲಿಗೆ ಹತ್ತನೇ ಕ್ಲಾಸು ಮುಗೀತು, ಕಥೆಯೂ ಮುಗೀತು.

ಇಷ್ಟು ಹೇಳಿದೆ. 'ಒಂದು ಮ್ಯಾಚಿಗೆ ರೈವಲ್ರಿ ಅಂತಾರೇನೋ?' ಅಂತ ನಕ್ಕರು. ಕೆಟ್ಟ ಮನಸ್ಸಿನ ನಗು ಅಲ್ಲ ಅದು. ಆದರೆ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು. ಅವರಿಗೆ ತಲೆಮಾರುಗಳ ಮ್ಯಾಚು, ನಮಗೆ ಒಂದು. ಇದಕ್ಕೆ ಕಾರಣ ಆಟ ಅಲ್ಲ ಅನ್ನೋದು ನನಗೆ ಆಗಲೇ ಗೊತ್ತಿತ್ತು. ಬೇರೆ ಏನು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇದು.

ದಂಗೆ ಅಡಗಿಸೋಕೆ ಬಂದ ಆಟ

ಎರಡು ವಸತಿ ಶಾಲೆಗಳ ನಡುವಿನ ಕ್ರೀಡಾ ಜಿದ್ದಿಗೆ ಜಗತ್ತು ಕೊಡುವ ಹಳೆಯ ಉದಾಹರಣೆ ಇಂಗ್ಲೆಂಡಿನ ಈಟನ್ ಮತ್ತು ಹ್ಯಾರೋ. 1805ರಲ್ಲಿ ಲಂಡನ್ನಿನ ಲಾರ್ಡ್ಸ್‌ನಲ್ಲಿ ಈ ಎರಡೂ ಶಾಲೆಯ ಹುಡುಗರು ಕ್ರಿಕೆಟ್ ಆಡಿದರು. ಹ್ಯಾರೋ ತಂಡದಲ್ಲಿ ಕವಿ ಬೈರನ್ ಇದ್ದ. ಆಮೇಲೆ ಈ ಮ್ಯಾಚು ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿತು ಅಂದರೆ, 2022ರಲ್ಲಿ ಲಾರ್ಡ್ಸ್ ಮೈದಾನದ ಒಡೆತನ ಇರುವ ಎಂಸಿಸಿ ಕ್ಲಬ್ಬು 'ಇನ್ನು ಮೇಲೆ ಇದನ್ನ ಇಲ್ಲಿ ಆಡಿಸೋದು ಬೇಡ' ಅಂತ ತೀರ್ಮಾನ ಮಾಡಿದಾಗ ಕ್ಲಬ್ಬಿನ ಸದಸ್ಯರೇ ತಿರುಗಿಬಿದ್ದರು. ಕ್ಲಬ್ಬು ಹಿಂದೆ ಸರಿಯಬೇಕಾಯಿತು. ಎರಡು ಖಾಸಗಿ ಶಾಲೆಗಳ ಹುಡುಗರಿಗೆ ಜಗತ್ತಿನ ಅತಿ ಪ್ರಸಿದ್ಧ ಕ್ರಿಕೆಟ್ ಮೈದಾನ ಯಾಕೆ ಸಿಗಬೇಕು ಅನ್ನೋದು ಸರಿಯಾದ ಪ್ರಶ್ನೆಯೇ. ಆದರೆ ಇನ್ನೂರು ವರ್ಷದ ಅಭ್ಯಾಸದ ಮುಂದೆ ಅದು ನಿಲ್ಲಲಿಲ್ಲ.

ನಮ್ಮ ಕಡೆಗೆ ಈ ಪದ್ಧತಿ ಬಂದ ದಾರಿಯಲ್ಲಿ ಮುಖ್ಯವಾದ ಹೆಸರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಥಾಮಸ್ ಅರ್ನಾಲ್ಡ್ ಹೆಡ್‌ಮಾಸ್ಟರ್ ಆಗಿದ್ದ ಕಾಲದಲ್ಲಿ, 1837ರಲ್ಲಿ, ಈತ ರಗ್ಬಿ ಶಾಲೆಗೆ ಮೇಷ್ಟ್ರಾಗಿ ಸೇರಿದ. ಥಾಮಸ್ ಹ್ಯೂಸ್ 1857ರಲ್ಲಿ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯ ತರುಣ ಮೇಷ್ಟ್ರು ಇವನೇ. 1852ರಲ್ಲಿ ಮಾರ್ಲ್‌ಬರೋ ಶಾಲೆಯ ಮುಖ್ಯಸ್ಥನಾದ. ಹಿಂದಿನ ವರ್ಷವಷ್ಟೇ ಅಲ್ಲಿನ ಹುಡುಗರು ದಂಗೆ ಎದ್ದಿದ್ದರು. ಮಧ್ಯಾಹ್ನ ಆದರೆ ಹೊಲಗದ್ದೆ ಅಲೆಯೋದು, ಊರವರ ಜೊತೆ ಜಗಳ. ಕಾಟನ್ ಕಂಡುಕೊಂಡ ಉಪಾಯ ಸರಳ: ಹುಡುಗರ ಬಿಡುವಿನ ಹೊತ್ತನ್ನೆಲ್ಲ ಆಟದ ಬಯಲಿನೊಳಗೆ ಕಟ್ಟಿಹಾಕು. ತಂಡ ಮಾಡು, ನಾಯಕನನ್ನ ಮಾಡು, ಸೋಲು-ಗೆಲುವಿಗೆ ಮಾನ ಕೊಡು. ಶಾಲೆಯ ಕ್ರೀಡೆ ಅಂದರೆ ಅಲ್ಲಿ ಮೊದಲು ಶಿಸ್ತಿನ ಯಂತ್ರ, ಆಮೇಲೆ ಆಟ.

1857ರ ದಂಗೆಯ ಮರುವರ್ಷ ಕಾಟನ್ ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದ. ಇಲ್ಲಿನ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಇಂಗ್ಲೆಂಡಿನ ಮಾದರಿಯ ವಸತಿ ಶಾಲೆ ಬೇಕು ಅಂತ ಪಟ್ಟು ಹಿಡಿದ. 1859ರಲ್ಲಿ ಶಿಮ್ಲಾ ಶಾಲೆ ಶುರುವಾಯಿತು. 1865ರಲ್ಲಿ ಅವನ ಹೆಸರಲ್ಲಿ ಬೆಂಗಳೂರಿನ ಶಾಲೆ. ಮರುವರ್ಷ, 1866ರ ಅಕ್ಟೋಬರಿನಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕುಷ್ಟಿಯಾ ಹತ್ತಿರ ದೋಣಿ ಹತ್ತುವಾಗ ಕಾಲು ಜಾರಿ ಗೊರಾಯ್ ನದಿಗೆ ಬಿದ್ದು ತೀರಿಕೊಂಡ.

ಕಂಟೋನ್ಮೆಂಟಿನ ಅಕ್ಕಪಕ್ಕ

ಬೆಂಗಳೂರಿನ ಕಾಟನ್ಸ್ ಶುರು ಮಾಡಿದವರು ಸ್ಯಾಮ್ಯುಯೆಲ್ ಥಾಮಸ್ ಪೆಟ್ಟಿಗ್ರೂ ಎಂಬ ಪಾದ್ರಿ. 1871ರಲ್ಲಿ ಜಿ.ಯು. ಪೋಪ್ ಮುಖ್ಯಸ್ಥರಾಗಿ ಬಂದರು. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಪೋಪ್ ಅವರೇ. ಅವರ ಕಾಲದಲ್ಲಿ ಶಾಲೆ ಸೇಂಟ್ ಮಾರ್ಕ್ಸ್ ರಸ್ತೆಯ ಈಗಿನ ಜಾಗಕ್ಕೆ ಬಂತು. ಜೋಸೆಫ್ಸ್ ಇದಕ್ಕಿಂತ ಏಳು ವರ್ಷ ಹಳೆಯದು. 1858ರಲ್ಲಿ ಫ್ರೆಂಚ್ ಮಿಷನರಿಗಳು ಶುರು ಮಾಡಿದ್ದು, 1937ರಲ್ಲಿ ಜೆಸ್ವಿಟರ ಕೈಗೆ ಬಂತು. ಒಂದು ಆಂಗ್ಲಿಕನ್, ಇನ್ನೊಂದು ಕ್ಯಾಥೊಲಿಕ್. ಒಂದರ ಗೇಟಿನಿಂದ ಇನ್ನೊಂದರ ಗೇಟಿಗೆ ನಡೆದು ಹೋಗಬಹುದು. ಈಗ ಎರಡರಲ್ಲೂ ಮನೆಯಿಂದ ಬಂದು ಹೋಗುವ ಮಕ್ಕಳೇ ಹೆಚ್ಚು. ಆದರೆ ಇವುಗಳ ಸ್ವಭಾವ ರೂಪುಗೊಂಡಿದ್ದು ಬೋರ್ಡರುಗಳ ಕಾಲದಲ್ಲಿ. ಸೈನ್ಯದ ಅಧಿಕಾರಿಗಳ ಮಕ್ಕಳು, ರೈಲ್ವೆಯವರ ಮಕ್ಕಳು, ಕೊಡಗು-ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳವರ ಮಕ್ಕಳು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ ಕಾಟನ್ಸ್‌ನಲ್ಲಿ ಓದಿದವರು. ಜೋಸೆಫ್ಸ್‌ನವರನ್ನ ಕೇಳಿದರೆ ಮೊದಲ ವಾಕ್ಯದಲ್ಲೇ ರಾಹುಲ್ ದ್ರಾವಿಡ್ ಬರುತ್ತಾರೆ.

ಕಾಟನ್ಸ್‌ನ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ. ಅರ್ಥ: ಬಲಕ್ಕೂ ಬೇಡ, ಎಡಕ್ಕೂ ಬೇಡ. ನಮ್ಮ ಸೀನಿಯರ್ ತಮ್ಮ ರಾಜಕೀಯ ನಿಲುವಿನ ಬಗ್ಗೆ ಯಾರಾದರೂ ಕೆಣಕಿದರೆ ಇದನ್ನೇ ಹೇಳಿ ಜಾರಿಕೊಳ್ಳುತ್ತಿದ್ದರು.

ಈ ಜಿದ್ದು ಉಳಿದು ಬಂದಿದ್ದು ಹೇಗೆ? ಅವರಿಬ್ಬರ ಜಗಳ ಕೇಳಿಕೇಳಿ ನನಗೆ ಅರ್ಥವಾಗಿದ್ದು, ಮುಖ್ಯವಾದದ್ದು ದ್ವೇಷ ಅಲ್ಲ, ವ್ಯವಸ್ಥೆ. ಕಂಟೋನ್ಮೆಂಟಿನ ನಡುವೆ ಜಾಗ ಇತ್ತು. ಒಂದೇ ಊರು, ಒಂದೇ ಟೂರ್ನಮೆಂಟು. ಹದಿನಾರು ವರ್ಷದೊಳಗಿನ ಶಾಲಾ ಹುಡುಗರಿಗೆ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಪಂದ್ಯಾವಳಿಯ ಹೆಸರೇ 'ಕಾಟನಿಯನ್ ಶೀಲ್ಡ್'. ಕಾಟನಿಯನ್ ಅಂದರೆ ಕಾಟನ್ಸ್‌ನಲ್ಲಿ ಓದಿದವ. ಹಳೆಯ ವಿದ್ಯಾರ್ಥಿ ಸಂಘ ಇದೆ, ಸ್ಕೂಲ್ ಮ್ಯಾಗಜೀನ್ ಇದೆ, ಗೋಡೆ ಮೇಲೆ ಕ್ಯಾಪ್ಟನ್‌ಗಳ ಹೆಸರಿನ ಹಲಗೆ ಇದೆ. ಸೋತವನ ಮಗ ಅದೇ ಶಾಲೆಗೆ ಸೇರುತ್ತಾನೆ. ಸೇಡು ತಲೆಮಾರು ದಾಟುತ್ತೆ. ಅಂದಹಾಗೆ ಬಿಷಪ್ ಕಾಟನ್ ಹೆಣ್ಣುಮಕ್ಕಳ ಶಾಲೆಯೂ 1865ರದ್ದೇ. ಅಷ್ಟು ವರ್ಷದ ಆಫೀಸ್ ಜಗಳದಲ್ಲಿ ಅದರ ಹೆಸರು ಒಂದು ಸಲವೂ ಬಂದಿದ್ದು ನೆನಪಿಲ್ಲ.

ಜಿದ್ದು ಅಧಿಕಾರದ ಜಾಲವೂ ಆಗೋದು ಹೇಗೆ ಅಂತ ನೋಡಬೇಕಾದರೆ ಕೊಲಂಬೊಗೆ ಹೋಗಬೇಕು. ಅಲ್ಲಿ ರಾಯಲ್ ಕಾಲೇಜು ಮತ್ತು ಸೇಂಟ್ ಥಾಮಸ್ ಕಾಲೇಜು, ಎರಡೂ ಶಾಲೆಗಳೇ, ಕ್ರಿಕೆಟ್ ಆಡುತ್ತಾ ಬಂದಿವೆ. 1879ರಲ್ಲಿ ಮೊದಲ ಸಲ ಆಡಿದಾಗ ಮೇಷ್ಟ್ರುಗಳೂ ತಂಡದಲ್ಲಿದ್ದರು. 1880ರಿಂದ ಬರೀ ವಿದ್ಯಾರ್ಥಿಗಳು. ಎರಡು ಮಹಾಯುದ್ಧಗಳಲ್ಲೂ ನಿಲ್ಲಲಿಲ್ಲ. ಸ್ವತಂತ್ರ ಸಿಲೋನಿನ ಮೊದಲ ಪ್ರಧಾನಿ ಡಿ.ಎಸ್. ಸೇನಾನಾಯಕೆ ಥಾಮಸ್ ಪರ ಆಡಿದ್ದರು, ಮುಂದೆ ಅಧ್ಯಕ್ಷರಾದ ಜೆ.ಆರ್. ಜಯವರ್ಧನೆ ರಾಯಲ್ ಪರ. ಗೆದ್ದವರಿಗೆ ಕೊಡೋ ಶೀಲ್ಡಿಗೆ ಸೇನಾನಾಯಕೆ ಹೆಸರು. 1885ರ ಮ್ಯಾಚಿನಲ್ಲಿ ರಾಯಲ್ 9 ರನ್ನಿಗೆ ಆಲೌಟಾಯಿತು, ಎರಡನೇ ದಿನ ಆಟಕ್ಕೆ ಇಳಿಯಲಿಲ್ಲ. ಅದು ಗೆಲುವು ಅಂತ ಥಾಮಸ್‌ನವರು, ಡ್ರಾ ಅಂತ ರಾಯಲ್‌ನವರು, ಇವತ್ತಿಗೂ ವಾದ ಮಾಡುತ್ತಾರೆ. ಯೋಚಿಸಿ, 140 ವರ್ಷ ಜಗಳ ಆಡೋಕೆ ಎರಡೂ ಕಡೆ ಪುಸ್ತಕ ಇಟ್ಟಿರಬೇಕು.

ಮಲೆನಾಡಿಗೆ ಹಾಸ್ಟೆಲ್ ಯಾಕೆ ಬೇಕಾಯ್ತು

ಸಾಗರ, ಹೊಸನಗರ, ತೀರ್ಥಹಳ್ಳಿ ನೋಡದವರಿಗೆ ಒಂದು ಮಾತು. ಬಯಲುಸೀಮೆಯ ಹಾಗೆ ಇಲ್ಲಿ ಊರು ಅಂದರೆ ಒತ್ತೊತ್ತಾಗಿ ಮನೆಗಳಿರೋ ಜಾಗ ಅಲ್ಲ. ಗುಡ್ಡದ ಬುಡಕ್ಕೊಂದು ಮನೆ, ತೋಟದ ಅಂಚಿಗೊಂದು ಮನೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕ ದಾಟೋಕೆ ಭಯ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರ-ಹೊಸನಗರದ ಎಷ್ಟೋ ಕುಟುಂಬಗಳು ಎತ್ತಂಗಡಿಯಾದವು, ಹಿನ್ನೀರಿನ ಆಚೆ ಉಳಿದವರಿಗೆ ರಸ್ತೆಯೇ ದೂರವಾಯಿತು. ಇಂಥ ಕಡೆ ಹೈಸ್ಕೂಲು ಅಂದರೆ ಮನೆ ಬಿಡೋದು ಅಂತಲೇ ಅರ್ಥ. ಕುಪ್ಪಳಿಯ ಹುಡುಗ ಪುಟ್ಟಪ್ಪ ಮೊದಲು ತೀರ್ಥಹಳ್ಳಿಗೆ, ಆಮೇಲೆ ಮೈಸೂರಿಗೆ ಓದಲು ಹೋಗಿದ್ದು ಎಲ್ಲರಿಗೂ ಗೊತ್ತು. ಅವರ ಮನೆ ಜಮೀನ್ದಾರರದ್ದು, ಕಳಿಸೋಕೆ ಆಯಿತು. ಅದೇ ಕಾಡಿನ ಹಸಲರ ಮಕ್ಕಳಿಗೆ, ಗೇಣಿ ಮಾಡುತ್ತಿದ್ದ ದೀವರ ಮಕ್ಕಳಿಗೆ ಆ ದಾರಿ ತೆರೆಯೋಕೆ ಸರಕಾರದ ಹಾಸ್ಟೆಲ್ಲುಗಳೇ ಬರಬೇಕಾಯಿತು.

ವಸತಿ ಶಾಲೆಗಳ ಈಗಿನ ಚಿತ್ರಕ್ಕೆ ಎರಡು ಕವಲು. ಒಂದು ಕೇಂದ್ರದ ನವೋದಯ. ರಾಜೀವ್ ಗಾಂಧಿ ಕಾಲದ 1986ರ ಶಿಕ್ಷಣ ನೀತಿಯ ಕೂಸು. ಜಿಲ್ಲೆಗೊಂದು ಶಾಲೆ, ಹಳ್ಳಿ ಮಕ್ಕಳಿಗೆ ಹೆಚ್ಚಿನ ಸೀಟು, ಪ್ರವೇಶ ಪರೀಕ್ಷೆ, ಊಟ-ವಸತಿ ಉಚಿತ. ನಮ್ಮ ಜಿಲ್ಲೆಯದು ಶಿವಮೊಗ್ಗ ಹತ್ತಿರದ ಗಾಜನೂರಿನಲ್ಲಿದೆ, ತುಂಗಾ ಅಣೆಕಟ್ಟಿನ ಪಕ್ಕ. ರಾಜೀವ್ ಓದಿದ್ದು ಡೂನ್ ಸ್ಕೂಲಿನಲ್ಲಿ. ಈಟನ್‌ನಲ್ಲಿ ಮೇಷ್ಟ್ರಾಗಿದ್ದ ಆರ್ಥರ್ ಫೂಟ್ ಡೂನ್‌ನ ಮೊದಲ ಹೆಡ್‌ಮಾಸ್ಟರ್. ಹಾಗಾಗಿ ದೇಶದ ಯಾವ ನವೋದಯಕ್ಕೆ ಹೋದರೂ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ನಾಲ್ಕು 'ಹೌಸ್' ಸಿಗೋದು ಆಕಸ್ಮಿಕ ಅಲ್ಲ. ಬಿಷಪ್ ಕಾಟನ್ನನ ಯಂತ್ರ ಬೆಟ್ಟಗಳ ಹೆಸರು ಇಟ್ಟುಕೊಂಡು ಗಾಜನೂರಿನವರೆಗೆ ಬಂದಿದೆ. ಆದರೆ ಜಿಲ್ಲೆಗೊಂದೇ ಶಾಲೆ ಅಂದಮೇಲೆ ಪಕ್ಕದಲ್ಲೇ ಎದುರಾಳಿ ಇರೋಕೆ ಸಾಧ್ಯವಿಲ್ಲ. ಜಿದ್ದೆಲ್ಲ ಹೌಸ್‌ಗಳ ನಡುವೆ, ಕಾಂಪೌಂಡಿನ ಒಳಗೇ.

ಇನ್ನೊಂದು ಕವಲು ರಾಜ್ಯದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಆಮೇಲೆ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಬೇರೆ ಬೇರೆ ನಾಯಕರ ಹೆಸರಿನವು. ಇವನ್ನೆಲ್ಲ ನಡೆಸೋಕೆ 1999ರಲ್ಲಿ ಒಂದು ಸಂಘ ಮಾಡಿದರು, ಪತ್ರಿಕೆಗಳು 'ಕ್ರೈಸ್' ಅಂತ ಬರೆಯೋದು ಅದನ್ನೇ. ಈಗ ರಾಜ್ಯದಲ್ಲಿ ಎಂಟುನೂರಕ್ಕೂ ಹೆಚ್ಚು ಶಾಲೆಗಳಿವೆ. ಸಾಮಾನ್ಯವಾಗಿ ಆರರಿಂದ ಹತ್ತು, ಕ್ಲಾಸಿಗೆ 50 ಮಕ್ಕಳು, ಒಟ್ಟು 250. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಬಹುಪಾಲು. ಸಂಖ್ಯೆಯಲ್ಲಿ ನೋಡಿದರೆ ಕರ್ನಾಟಕದ ನಿಜವಾದ ಬೋರ್ಡಿಂಗ್ ಸ್ಕೂಲ್ ಪರಂಪರೆ ಇದೇ. ಸೇಂಟ್ ಮಾರ್ಕ್ಸ್ ರಸ್ತೆಯದ್ದಲ್ಲ.

896 ವರ್ಷದ ಲೆಕ್ಕ

ಈ ಶಾಲೆಗಳ ಮಕ್ಕಳು ಆಡಲ್ವಾ? ಆಡ್ತಾರೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್ ಎಲ್ಲ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು. ಗೆದ್ದವರು ಮೇಲೆ, ಸೋತವರು ಮನೆಗೆ. ನಾಕೌಟ್.

ಎಂಜಿನಿಯರಿಂಗ್ ಬಿಟ್ಟು ಬಂದೆ, ಆದರೆ ಲೆಕ್ಕ ಹಾಕೋ ಚಟ ಬಿಟ್ಟಿಲ್ಲ. ಒಂದು ತಾಲ್ಲೂಕಿನಲ್ಲಿ 16 ತಂಡ ಇವೆ, ಎಲ್ಲರೂ ಸಮಬಲರು ಅಂತ ಇಟ್ಟುಕೊಳ್ಳಿ. ನಾಕೌಟ್‌ನಲ್ಲಿ ನಡೆಯೋದು 15 ಮ್ಯಾಚು. ಎಂಟು ತಂಡಗಳಿಗೆ ಮೊದಲ ಮ್ಯಾಚೇ ಕೊನೆಯದು. ಹದಿನಾರು ತಂಡಗಳಲ್ಲಿ ಜೋಡಿ ಮಾಡಿದರೆ 120 ಜೋಡಿ ಆಗುತ್ತೆ. ಅಂದರೆ ಯಾವುದೇ ಎರಡು ಶಾಲೆಗಳು ಒಂದು ವರ್ಷದಲ್ಲಿ ಎದುರಾಗೋ ಸಾಧ್ಯತೆ 120ರಲ್ಲಿ 15, ಎಂಟರಲ್ಲಿ ಒಂದು. ಸರಾಸರಿ ಎಂಟು ವರ್ಷಕ್ಕೊಮ್ಮೆ. ಮಗು ಶಾಲೆಯಲ್ಲಿ ಇರೋದು ಐದು ವರ್ಷ.

ಇದು ಒಂದೇ ತಾಲ್ಲೂಕಿನ ಶಾಲೆಗಳ ಕಥೆ. ನಮ್ಮದು ಹೊಸನಗರ, ಅವರದು ಸಾಗರ. ಇಬ್ಬರೂ ತಂತಮ್ಮ ತಾಲ್ಲೂಕು ಗೆಲ್ಲಬೇಕು: ಹದಿನಾರರಲ್ಲಿ ಒಂದು ಗುಣಿಸು ಹದಿನಾರರಲ್ಲಿ ಒಂದು. ಆಮೇಲೆ ಜಿಲ್ಲೆಯ ಏಳು ತಾಲ್ಲೂಕುಗಳ ತಂಡಗಳಲ್ಲಿ ನಾವಿಬ್ಬರೇ ಎದುರಾಗಬೇಕು: ಏಳರಲ್ಲಿ ಎರಡು. ಎಲ್ಲ ಗುಣಿಸಿದರೆ 896ರಲ್ಲಿ ಒಂದು. ಇವತ್ತಿಂದ 896 ವರ್ಷ ಹಿಂದೆ ಹೋದರೆ ಹೊಯ್ಸಳ ವಿಷ್ಣುವರ್ಧನ ಆಳುತ್ತಿದ್ದ.

ನಿಜದಲ್ಲಿ ಎಲ್ಲ ತಂಡ ಸಮಬಲ ಇರಲ್ಲ, ಚೆನ್ನಾಗಿ ಆಡೋ ಶಾಲೆಗಳು ಮತ್ತೆ ಮತ್ತೆ ಮೇಲೆ ಬರುತ್ತವೆ, ಸಾಧ್ಯತೆ ಹೆಚ್ಚುತ್ತೆ. ತಂಡಗಳ ಸಂಖ್ಯೆಯೂ ಊರಿಂದೂರಿಗೆ ಬೇರೆ. ಆದರೂ ಸಂಗತಿ ಬದಲಾಗಲ್ಲ. ನಮ್ಮ ಕ್ರೀಡಾ ವ್ಯವಸ್ಥೆ ಕಟ್ಟಿರೋದು ಚಾಂಪಿಯನ್‌ನನ್ನ ಸೋಸಿ ತೆಗೆಯೋಕೆ, ಇಬ್ಬರು ಮತ್ತೆ ಮತ್ತೆ ಭೇಟಿ ಆಗೋಕೆ ಅಲ್ಲ. ಈಟನ್-ಹ್ಯಾರೋ ಮ್ಯಾಚಿಗೆ ಯಾರೂ ಅರ್ಹತೆ ಪಡೆಯಬೇಕಾಗಿಲ್ಲ. ಹೋದ ವರ್ಷ ಎಷ್ಟು ಕೆಟ್ಟದಾಗಿ ಸೋತಿದ್ದರೂ ಈ ವರ್ಷದ ತಾರೀಖು ನಿಮ್ಮದೇ.

ತಾರೀಖಿನ ಬೆಲೆ ನಮ್ಮೂರವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಜಾತ್ರೆ ಪ್ರತಿ ಎಳ್ಳಮಾವಾಸ್ಯೆಗೆ. ಹೆಗ್ಗೋಡಿನ ನೀನಾಸಂ ಒಂದು ಹಳ್ಳಿಯ ನಾಟಕದ ಹುಚ್ಚಾಗಿ ಉಳಿಯದೆ ಪರಂಪರೆ ಆಗಿದ್ದರಲ್ಲಿ 1985ರಿಂದ ವರ್ಷ ವರ್ಷ ಹೊರಡುವ ತಿರುಗಾಟದ ಪಾಲು ದೊಡ್ಡದು.

ಇಲಾಖೆಯ ತಾರೀಖುಗಳು ಇವೆಯಲ್ಲ ಅನ್ನಬಹುದು. ಇವೆ, ಮಳೆಗಾಲದಲ್ಲಿ. ಜುಲೈನಿಂದ ಸೆಪ್ಟೆಂಬರ್ ಒಳಗೆ ಕೆಳಹಂತದ ಕೂಟಗಳು ಮುಗಿಯಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಈ ತಿಂಗಳುಗಳಲ್ಲೇ. ಹೊಸನಗರದ ಹುಲಿಕಲ್ಲೂ ಕಮ್ಮಿ ಇಲ್ಲ. ನಾವು ಹೋಬಳಿ ಮಟ್ಟದ ಕಬಡ್ಡಿ ಆಡುತ್ತಿದ್ದದ್ದು ಮೊಣಕಾಲುದ್ದ ಕೆಸರಲ್ಲಿ. ಗೆರೆ ಹಾಕಿದ ಸುಣ್ಣ ಹತ್ತು ನಿಮಿಷಕ್ಕೆ ತೊಳೆದು ಹೋಗುತ್ತಿತ್ತು, ಔಟೋ ಅಲ್ಲವೋ ಅನ್ನೋದು ಪಿಟಿ ಮೇಷ್ಟ್ರ ಮನಸ್ಸಾಕ್ಷಿಗೆ ಬಿಟ್ಟದ್ದು. ಬಿಸಿಲೂರಿನಲ್ಲಿ ಕೂತು ಮಾಡಿದ ಕ್ಯಾಲೆಂಡರ್ ಅದು.

ಒಂದು ಅಂಕಣಕ್ಕೆ ಎಷ್ಟು ಗುಂಟೆ

ವಸತಿ ಶಾಲೆಗಳಲ್ಲಿ ಯಾಕೆ ಯಾವಾಗಲೂ ಕಬಡ್ಡಿ, ಖೋಖೋ? ದೇಸಿ ಆಟದ ಮೇಲಿನ ಪ್ರೀತಿ ಅಂತ ಭಾಷಣದಲ್ಲಿ ಹೇಳ್ತಾರೆ. ಪ್ರೀತಿ ಇದೆ, ಸುಳ್ಳಲ್ಲ. ಆದರೆ ಅಳತೆಯನ್ನೂ ನೋಡಿ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 130 ಚದರ ಮೀಟರ್, ಒಂದೂಕಾಲು ಗುಂಟೆಗಿಂತ ಚೂರು ಜಾಸ್ತಿ. 65 ಮೀಟರ್ ಬೌಂಡರಿ ಇರೋ ಸಾಧಾರಣ ಕ್ರಿಕೆಟ್ ಮೈದಾನಕ್ಕೆ ಮೂರು ಎಕರೆ ಹನ್ನೊಂದು ಗುಂಟೆ ಬೇಕು. ಒಂದು ಕ್ರಿಕೆಟ್ ಮೈದಾನದಲ್ಲಿ ನೂರು ಕಬಡ್ಡಿ ಅಂಕಣ ಹಿಡಿಸುತ್ತೆ. ಯಾರು ಯಾವ ಆಟ ಆಡ್ತಾರೆ ಅನ್ನೋದು ಬಹಳಷ್ಟು ಸಲ ಭೂಮಿಯ ಪ್ರಶ್ನೆ.

ಭೂಮಿಯ ಪ್ರಶ್ನೆ ಅಂದಕೂಡಲೇ ನೆನಪಾಗೋದು ಸಾಗರದ ಪಕ್ಕದ ಕಾಗೋಡು. 1951ರಲ್ಲಿ ಗೇಣಿದಾರರು ಅಲ್ಲಿ ಸತ್ಯಾಗ್ರಹ ಮಾಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು, ತೀರ್ಥಹಳ್ಳಿಯ ಶಾಂತವೇರಿ ಗೋಪಾಲಗೌಡರು ಆ ಕಿಡಿಯನ್ನ ವಿಧಾನಸಭೆಯವರೆಗೆ ಒಯ್ದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಅವರ ಮಕ್ಕಳಿಗೆ ಗದ್ದೆ ಸಿಕ್ಕಿತು. ಮೊಮ್ಮಕ್ಕಳು ವಸತಿ ಶಾಲೆಗೆ ಬಂದರು. ಕ್ರೈಸ್ ಶಾಲೆಗಳಲ್ಲಿ ಹಲವು ಶುರುವಾಗಿದ್ದೇ ಬಾಡಿಗೆ ಕಟ್ಟಡದಲ್ಲಿ. ನಮ್ಮ ಶಾಲೆ ನಾನು ಸೇರಿದಾಗ ಹಳೆಯ ಅಡಿಕೆ ಗೋದಾಮಿನಲ್ಲಿತ್ತು. ಅಂಗಳ ಅಂದರೆ ಅಡಿಕೆ ಒಣಗಿಸುತ್ತಿದ್ದ ಕಣ. ಅದರಲ್ಲಿ ಒಂದು ಅಂಕಣ ಹಿಡಿಸುತ್ತಿತ್ತು, ಒಂದು ಮೂಲೆಯಲ್ಲಿ ತುಳಸಿಕಟ್ಟೆ ತಾಗುತ್ತಿತ್ತು. ಪಕ್ಕದೂರಿನ ತಂಡ ಕರೆದು ಆಡಿಸೋಣ ಅಂದರೆ ಕೂರೋಕೆ ಜಾಗ ಇಲ್ಲ. 'ಹೋಮ್ ಗ್ರೌಂಡ್' ಅನ್ನೋ ಮಾತು ನಾನು ಕಲಿತಿದ್ದು ಟಿವಿಯಲ್ಲಿ.

2024ರ ಫೆಬ್ರವರಿಯಲ್ಲಿ ಈ ವಸತಿ ಶಾಲೆಗಳ ಬಾಗಿಲ ಮೇಲಿನ ಬರಹ ಬದಲಾಯಿಸಿದ್ದಕ್ಕೆ ರಾಜ್ಯದಲ್ಲಿ ದೊಡ್ಡ ಗದ್ದಲ ಆಯ್ತು. ಕೈ ಮುಗಿಯಬೇಕೋ ಪ್ರಶ್ನೆ ಕೇಳಬೇಕೋ ಅಂತ ವಾರಗಟ್ಟಲೆ ಚರ್ಚೆ. ನಾನೂ ಒಂದು ಅಂಕಣ ಬರೆದೆ. ಬಾಗಿಲ ಒಳಗೆ ಆಟದ ಬಯಲು ಇದೆಯಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಜಿದ್ದು ಬೇಕಾ?

ಇದನ್ನ ಓದುತ್ತಿರುವ ಕೆಲವರು ಇಷ್ಟೊತ್ತಿಗೆ ಹುಬ್ಬು ಗಂಟು ಹಾಕಿರುತ್ತೀರಿ. ವಸಾಹತುಶಾಹಿ ಶಾಲೆಗಳ ಗಂಡಸುತನದ ಆಟವನ್ನ ನಮ್ಮ ಮಕ್ಕಳ ಮೇಲೆ ಹೇರಬೇಕಾ? ಸಹಕಾರ ಕಲಿಸೋದು ಬಿಟ್ಟು ಜಿದ್ದು ಕಲಿಸಬೇಕಾ? ಅರ್ಧ ಒಪ್ಪುತ್ತೇನೆ. ಈಟನ್ನಿನದ್ದು, ಕೊಲಂಬೊದ್ದು ಆಳುವವರ ಮಕ್ಕಳು ಒಬ್ಬರಿಗೊಬ್ಬರು ಪರಿಚಯ ಆಗೋ ಪಾರ್ಟಿ. ಅದರ ನಕಲು ನಮಗೆ ಬೇಡ. ಆದರೆ ಆ ಒಂದು ಮ್ಯಾಚಿನ ದಿನ ನಡೆದದ್ದು ಹೇಳುತ್ತೇನೆ.

ನಾವು ಬೇರೆ ಶಾಲೆಗಳ ಮೇಲೆ ಆಡುವಾಗ ಬೇಲಿ ಆಚೆಯಿಂದ ಒಂದು ಮಾತು ಯಾವಾಗಲೂ ಕೇಳುತ್ತಿತ್ತು: 'ಹಾಸ್ಟೆಲ್ ಹುಡುಗ್ರು'. ಹಾಸ್ಟೆಲ್ ಅನ್ನೋದು ಅಲ್ಲಿ ಕಟ್ಟಡದ ಹೆಸರಲ್ಲ. ಜಾತಿ ಕೇಳದೆ ಜಾತಿ ಹೇಳೋ ವಿಧಾನ. ಒಮ್ಮೆ ತಾಲ್ಲೂಕು ಮಟ್ಟದಲ್ಲಿ ಎದುರು ತಂಡದ ಒಬ್ಬ ಹುಡುಗ ಟ್ಯಾಕಲ್ ಮಾಡೋಕೆ ಹಿಂದೆ ಮುಂದೆ ನೋಡಿದ. ಅವನಿಗೆ ಭಯ ಅಂತ ಮೇಷ್ಟ್ರು ಹೇಳಿದರು. ಭಯ ಅಲ್ಲ ಅಂತ ನಮ್ಮ ರೈಡರ್‌ಗೆ ಗೊತ್ತಿತ್ತು. ಕಬಡ್ಡಿಯಲ್ಲಿ ಮೈ ಮುಟ್ಟದೆ ಗೆಲ್ಲೋಕೆ ಆಗಲ್ಲ, ಆ ಆಟದ ಬಗ್ಗೆ ನನಗೆ ಅತಿ ಇಷ್ಟವಾದ ಸಂಗತಿ ಅದು.

ಶಿವಮೊಗ್ಗದ ಸೆಮಿಫೈನಲ್ಲಿನಲ್ಲಿ ಸಾಗರದ ಹುಡುಗರು ನಮ್ಮನ್ನ ಹಾಗೆ ಕರೆಯಲಿಲ್ಲ. ಕರೆಯೋಕೆ ಸಾಧ್ಯವೂ ಇರಲಿಲ್ಲ, ಅವರೂ ಹಾಸ್ಟೆಲ್ಲಿನವರೇ. ಅವರು ನಮ್ಮ ಶಾಲೆಯ ಹೆಸರು ಹಿಡಿದು ಕೂಗಿದರು, ಬೈದರು. ನಾವೂ ಅವರ ಶಾಲೆಯ ಹೆಸರು ಹಿಡಿದು ಬೈದೆವು. ಜೀವನದಲ್ಲಿ ಮೊದಲ ಸಲ ನಮ್ಮ ಶಾಲೆಗೆ ಒಂದು ಹೆಸರಿದೆ ಅನ್ನಿಸಿತು. ನಿಮ್ಮನ್ನ ಸೋಲಿಸಲೇಬೇಕು ಅಂತ ಒಬ್ಬ ಅಂದುಕೊಳ್ಳಬೇಕಾದರೆ ಮೊದಲು ನಿಮ್ಮನ್ನ ಸಮಾನ ಅಂತ ಒಪ್ಪಿಕೊಂಡಿರಬೇಕು. ಕಾಟನ್ಸ್ ಹುಡುಗನಿಗೆ ಇದು ಪ್ರತಿ ವರ್ಷ ಸಿಗುತ್ತೆ, ಅವನಿಗೆ ಅದರ ಬೆಲೆ ಗೊತ್ತಾಗಲ್ಲ.

ನಮ್ಮ ಕ್ಲಾಸಿನ ಹುಡುಗಿಯರಿಗೆ ಆ ಒಂದು ಮ್ಯಾಚೂ ಸಿಗಲಿಲ್ಲ. ಖೋಖೋದಲ್ಲಿ ಅವರು ನಮಗಿಂತ ಗಟ್ಟಿ. ಎರಡು ವರ್ಷ ತಾಲ್ಲೂಕು ಫೈನಲ್‌ವರೆಗೆ ಹೋದರು, ಎರಡು ಸಲವೂ ಸೋತರು, ಬೇರೆ ಬೇರೆ ಶಾಲೆಗಳಿಗೆ. ಕಾಟನ್ಸ್, ಈಟನ್, ರಾಯಲ್ ಎಲ್ಲವೂ ಗಂಡುಹುಡುಗರ ಶಾಲೆಗಳು. ಎರಡು ಶಾಲೆಗಳ ಜಿದ್ದು ಅಂತ ಜಗತ್ತು ಬರೆದಿಟ್ಟಿರೋ ಇತಿಹಾಸದಲ್ಲಿ ಅವರ ಜಾಗ ಗ್ಯಾಲರಿ. ಕ್ರೈಸ್ ಶಾಲೆಗಳಲ್ಲಿ ಹುಡುಗ-ಹುಡುಗಿಯರು ಒಟ್ಟಿಗೇ ಓದುತ್ತಾರೆ. ಹೊಸ ಜಿದ್ದು ಕಟ್ಟೋದಾದರೆ ಮೊದಲ ದಿನದಿಂದ ಎರಡು ತಂಡ ಇರಬೇಕು.

ಕಟ್ಟೋದು ಕಷ್ಟವೇ? ಮೂರು ತಾಲ್ಲೂಕಿನಿಂದ ಮೂರು ವಸತಿ ಶಾಲೆ ತಗೊಳ್ಳಿ, ಸಾಗರದ್ದೊಂದು, ಹೊಸನಗರದ್ದೊಂದು, ತೀರ್ಥಹಳ್ಳಿಯದ್ದೊಂದು. ಡಿಸೆಂಬರ್-ಜನವರಿ, ಮಳೆ ನಿಂತಿರುತ್ತೆ, ಅಡಿಕೆ ಕೊಯ್ಲು ನಡೀತಿರುತ್ತೆ, ಭಾನುವಾರ ಮಕ್ಕಳು ಖಾಲಿ. ಪ್ರತಿಯೊಬ್ಬರೂ ಇನ್ನಿಬ್ಬರ ಮೇಲೆ ತಮ್ಮಲ್ಲಿ ಒಂದು, ಅವರಲ್ಲಿ ಒಂದು ಆಡಿದರೆ ವರ್ಷಕ್ಕೆ ಒಟ್ಟು ಆರು ದಿನ. ಒಂದು ಶಾಲೆಗೆ ನಾಲ್ಕು ಮ್ಯಾಚು. ಐದು ವರ್ಷ ಇರೋ ಮಗು 20 ಮ್ಯಾಚು ನೋಡುತ್ತೆ. ಖರ್ಚು ಅಂದರೆ ಬಸ್ಸು, ಮಧ್ಯಾಹ್ನದ ಊಟ, ಎರಡು ಚೀಲ ಸುಣ್ಣ. ಮತ್ತೆ ಒಂದು ದಪ್ಪ ನೋಟ್‌ಬುಕ್ಕು, ಸ್ಕೋರು ಬರೆದಿಡೋಕೆ, ಆಡಿದವರ ಹೆಸರು ಸಮೇತ. ನನಗೆ ಕೇಳಿದರೆ ಈ ಪಟ್ಟಿಯಲ್ಲಿ ಬಸ್ಸಿಗಿಂತ ಮುಖ್ಯವಾದದ್ದು ಆ ನೋಟ್‌ಬುಕ್ಕು.

ಯಾಕೆ ಅಂದರೆ, ಈ ಲೇಖನಕ್ಕಾಗಿ ನನ್ನ ಹಳೆಯ ಫೈಲು ತೆಗೆದು ಶಿವಮೊಗ್ಗದ ಸರ್ಟಿಫಿಕೇಟ್ ಹುಡುಕಿದೆ. ಸಿಕ್ಕಿತು, ಅಂಚು ಗೆದ್ದಲು ತಿಂದಿದೆ. 'ಕಬಡ್ಡಿ ಸ್ಪರ್ಧೆಯಲ್ಲಿ ಭಾಗವಹಿಸಿರುತ್ತಾರೆ' ಅಂತಿದೆ. ಯಾರ ಮೇಲೆ, ಎಷ್ಟಕ್ಕೆ, ಏನೂ ಇಲ್ಲ. ಆ ಸಾಗರದ ತಂಡದ ಒಬ್ಬ ಹುಡುಗ ಮುಂದೆ ನನ್ನದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಕ್ಕಿದ್ದ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿ ಕೇಳಿದೆ. 27–26 ಅಂದ. ನನ್ನ ನೆನಪಿನಲ್ಲಿ 24–23. ಕೊನೇ ರೈಡು ಅವರದು ಅಂತ ಅವನು, ನಮ್ಮದು ಅಂತ ನಾನು. ನಮ್ಮ ರೈಡರ್ ಕಾಲು ಗೆರೆ ಮುಟ್ಟಿತ್ತು, ನಾನೇ ನೋಡಿದ್ದೆ. ಅವತ್ತು ಸುಣ್ಣ ತೊಳೆದು ಹೋಗಿತ್ತಲ್ಲ ಮಾರಾಯ, ನೀನು ಯಾವ ಗೆರೆ ನೋಡಿದ್ದು ಅಂತ ಅವನು.